ಮೂರೂವರೆ ಗಂಟೆಯ ನಂತರ ಆ ಮಗು ಎಲ್ಲಿರಬೇಕು?

ಮಾನ್ಯ ಸಂಪಾದಕರೇ,

ಮೈಸೂರಿನ ಕುವೆಂಪುನಗರದಲ್ಲಿ ನಾನು ಮನೆಯಲ್ಲೇ ಒಂದು ಚಿಕ್ಕ ಡೇ ಕೇರ್ ನಡೆಸುತ್ತೇನೆ. ಬೋರ್ಡಿನಲ್ಲಿ ಡೇ ಕೇರ್ ಅಂತಿದೆ. ನಿಜ ಹೇಳಬೇಕೆಂದರೆ ಅದು ಅರ್ಧ ಮನೆಪಾಠ, ಅರ್ಧ ಅಜ್ಜಿ ಮನೆ. ಸ್ಕೂಲ್ ಬಿಟ್ಟ ಮೇಲೆ ವ್ಯಾನಿನವರು ಮಕ್ಕಳನ್ನು ನಮ್ಮ ಗೇಟಿನ ಮುಂದೆ ಇಳಿಸುತ್ತಾರೆ. ಹಾಲು, ತಿಂಡಿ, ಹೋಂವರ್ಕ್, ಒಂದಿಷ್ಟು ಆಟ, ಒಂದಿಷ್ಟು ಜಗಳ. ಅಪ್ಪ ಅಮ್ಮ ಕೆಲಸ ಮುಗಿಸಿ ಬರುವವರೆಗೆ ಮಕ್ಕಳು ನನ್ನ ಜವಾಬ್ದಾರಿ.

ಜೂನ್ ಬಂತೆಂದರೆ ಫೋನ್‌ಗಳು ಶುರು. ಕೆಲವರದ್ದು ದನಿ ಕೇಳಿದರೇ ನನಗೆ ಗೊತ್ತಾಗುತ್ತದೆ. ಫೀಸ್ ಎಷ್ಟು, ಎಷ್ಟು ಗಂಟೆಯವರೆಗೆ ಇಟ್ಟುಕೊಳ್ಳುತ್ತೀರಿ, ತಿಂಡಿ ನೀವೇ ಕೊಡುತ್ತೀರಾ, ಎಲ್ಲ ಕೇಳುತ್ತಾರೆ. ಎಲ್ಲ ಮುಗಿದ ಮೇಲೆ ದನಿ ಸಣ್ಣದಾಗುತ್ತದೆ. ‘ಮೇಡಂ, ನಮ್ಮ ಹುಡುಗ ಸ್ವಲ್ಪ... ಮಾತು ಕಡಿಮೆ.’ ನಾನು ಬಾಯಿ ತೆರೆಯುವ ಮೊದಲೇ, ‘ಆದ್ರೆ ಯಾರಿಗೂ ತೊಂದ್ರೆ ಕೊಡಲ್ಲ ಮೇಡಂ, ಸುಮ್ನೆ ಮೂಲೇಲಿ ಕೂತಿರ್ತಾನೆ.’ ಹೆತ್ತ ಮಗನನ್ನು ತಪ್ಪು ಮಾಡಿದವರ ಹಾಗೆ ಪರಿಚಯ ಮಾಡಿಕೊಡಬೇಕಾದ ಸ್ಥಿತಿ ಇದೆಯಲ್ಲ, ಅದರ ಬಗ್ಗೆಯೇ ಈ ಪತ್ರ.

ಹಾಗೆ ಬಂದವನು ಪುಟ್ಟು. ನಿಜವಾದ ಹೆಸರು ಬೇಡ. ಮೂರನೇ ಕ್ಲಾಸ್, ಆಟಿಸಂ ಇದೆ, ಎಲ್ಲರೂ ಹೋಗುವ ಮಾಮೂಲಿ ಶಾಲೆಗೇ ಹೋಗುತ್ತಾನೆ. ಅಪ್ಪನಿಗೆ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ. ಅಮ್ಮ ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತಾರೆ. ಶಾಲೆ ಬಿಡುವುದು ಮೂರೂವರೆಗೆ. ಅಂಗಡಿಯಿಂದ ಅವರು ಹೊರಬೀಳುವಾಗ ರಾತ್ರಿ ಎಂಟು. ನಮ್ಮಲ್ಲಿಗೆ ಬರುವ ಮೊದಲು ಆ ತಾಯಿ ಊರೆಲ್ಲ ವಿಚಾರಿಸಿದ್ದರು. ಒಂದು ಕಡೆ ಆರು ವರ್ಷದ ಮೇಲಿನ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ ಅಂದರಂತೆ. ಇನ್ನೊಂದು ಕಡೆ, ಶ್ಯಾಡೋ ಟೀಚರ್‌ನ (ಮಗುವಿನ ಪಕ್ಕದಲ್ಲೇ ಕೂತು ನೋಡಿಕೊಳ್ಳುವವರನ್ನು) ನೀವೇ ಕಳಿಸುವುದಾದರೆ ಸರಿ ಅಂದರಂತೆ. ಶ್ಯಾಡೋ ಟೀಚರ್ ಕೇಳುವ ಸಂಬಳ ಆ ತಾಯಿಯ ಸಂಬಳಕ್ಕಿಂತ ಜಾಸ್ತಿ! ಥೆರಪಿ ಸೆಂಟರ್‌ನಲ್ಲಿ ಮುಕ್ಕಾಲು ಗಂಟೆಯ ಸೆಷನ್ ಇರುತ್ತದೆ. ಆ ಮುಕ್ಕಾಲು ಗಂಟೆ ಅಮ್ಮನೂ ಹೊರಗೆ ಬೆಂಚಿನ ಮೇಲೆ ಕಾಯಬೇಕು. ಮತ್ತೊಬ್ಬರು ಸ್ವಲ್ಪ ದಿನ ಇಟ್ಟುಕೊಂಡು, ಬೇರೆ ಪೇರೆಂಟ್ಸ್ ಒಪ್ಪುತ್ತಿಲ್ಲ ಅಂತ ಸ್ಕೂಲ್ ಬ್ಯಾಗನ್ನು ಕೈಗೆ ಕೊಟ್ಟರಂತೆ.

ಇವರನ್ನೆಲ್ಲ ಬಯ್ಯುವುದು ಸುಲಭ. ನಾನೂ ಅದೇ ಕೆಲಸದಲ್ಲಿರುವವಳು, ಹಾಗಾಗಿ ಹೇಳುತ್ತೇನೆ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಅವರಿಗೆ ಭಯ. ಮಗು ಇದ್ದಕ್ಕಿದ್ದಂತೆ ಕಿರುಚಿದರೆ ಏನು ಮಾಡಬೇಕು, ಓಡಿಹೋದರೆ ಯಾರು ಹೊಣೆ, ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದ ಭಯ.

ನನಗೂ ವಿಶೇಷ ಶಿಕ್ಷಣದ ಡಿಗ್ರಿ ಏನಿಲ್ಲ. ನರ್ಸರಿ ಟೀಚರ್ ಆಗಿದ್ದವಳು, ಅಷ್ಟೇ. ಪುಟ್ಟುವನ್ನು ನೋಡಿಕೊಳ್ಳುವುದನ್ನು ನನಗೆ ಕಲಿಸಿದ್ದು ಅವನ ಅಮ್ಮ. ಅವರು ಕಲಿತದ್ದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಮೈಸೂರಿನ ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು. ಅಲ್ಲಿನ ಪ್ರೀ ಸ್ಕೂಲ್‌ನಲ್ಲಿ ಮಕ್ಕಳ ಜೊತೆ ಅಮ್ಮಂದಿರನ್ನೂ ಕೂರಿಸಿ ಕಲಿಸುತ್ತಾರೆ. ಬೇರೆ ರಾಜ್ಯಗಳಿಂದಲೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ನಮ್ಮ ಊರಿನಲ್ಲೇ ಇಷ್ಟೊಂದು ತಿಳಿವಳಿಕೆ ಇದೆ. ಸಂಜೆ ಹೊತ್ತು ಆ ಮಕ್ಕಳನ್ನು ನೋಡಿಕೊಳ್ಳುವವರ ಮನೆಗೆ ಮಾತ್ರ ಅದು ಬರುವುದೇ ಇಲ್ಲ.

ಬಂದರೆ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಪುಟ್ಟುವಿನ ಅಮ್ಮ ಹೇಳಿದಂತೆ ನಮ್ಮ ಬೀರುವಿನ ಬಾಗಿಲಿಗೆ ಚಿತ್ರಗಳನ್ನು ಸಾಲಾಗಿ ಅಂಟಿಸಿದೆವು. ವ್ಯಾನ್, ಕೈ ತೊಳೆಯುವ ನಲ್ಲಿ, ತಿಂಡಿ ತಟ್ಟೆ, ಪುಸ್ತಕ, ಉಯ್ಯಾಲೆ, ಅಮ್ಮನ ಸ್ಕೂಟಿ. ಒಂದೊಂದು ಮುಗಿದ ಹಾಗೆ ಅವನೇ ಆ ಚಿತ್ರ ಕಿತ್ತು ಡಬ್ಬಿಗೆ ಹಾಕುತ್ತಾನೆ. ಮುಂದೇನು ಅಂತ ಗೊತ್ತಿದ್ದರೆ ಅವನಿಗೆ ನೆಮ್ಮದಿ. ಗೊತ್ತಾಗದಿದ್ದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಜನ ಹಟ ಅನ್ನುವುದು ಅದನ್ನೇ.

ಕುಕ್ಕರ್ ವಿಷಲ್ ಅವನಿಗೆ ಆಗುತ್ತಲೇ ಇರಲಿಲ್ಲ. ಸ್ವಲ್ಪ ದಿನ ಅವನು ಬರುವ ಮೊದಲೇ ಬೇಳೆ ಬೇಯಿಸಿಡುತ್ತಿದ್ದೆ. ಆಮೇಲೆ ಮೂರು ಬೆರಳು ತೋರಿಸಿ, ‘ಮೂರು ಸಲ ಕೂಗುತ್ತೆ, ಆಮೇಲೆ ನಿಲ್ಲುತ್ತೆ’ ಅಂತ ಮುಂಚೆಯೇ ಹೇಳಲು ಶುರು ಮಾಡಿದೆ. ಈಗ ಅಡುಗೆಮನೆ ಬಾಗಿಲಲ್ಲಿ ಕಿವಿ ಮೇಲೆ ಕೈ ಇಟ್ಟುಕೊಂಡೇ ನಿಂತು ಎಣಿಸುತ್ತಾನೆ. ಮೂರನೆಯದು ಆದ ಕೂಡಲೇ ‘ಮಿಸ್, ಆಫ್!’ ಬೇಳೆ ಬೆಂದಿರಲಿ ಬಿಡಲಿ, ಮೂರು ಅಂದರೆ ಮೂರೇ. ಹಾಗಾಗಿ ನಮ್ಮ ಮನೆಯಲ್ಲಿ ಈಗ ಬೇಳೆಯನ್ನು ಮಧ್ಯಾಹ್ನವೇ ನೆನೆಸಿಡುತ್ತೇನೆ.

ಇದರಲ್ಲಿ ಯಾವ ಮಾಯಮಂತ್ರವೂ ಇಲ್ಲ. ಯಾರಾದರೂ ಹೇಳಿಕೊಡಬೇಕು, ಅಷ್ಟೇ. ಪ್ರತಿವರ್ಷ ದಸರಾಕ್ಕೆ ಮೊದಲು ಆನೆ ಕುದುರೆಗಳು ಸದ್ದಿಗೆ ಬೆದರಬಾರದು ಅಂತ ಕುಶಾಲತೋಪಿನ ತಾಲೀಮು ನಡೆಸುತ್ತಾರೆ. ಬೇಕಾದದ್ದೇ. ಆದರೆ ಸದ್ದಿಗೆ ಬೆದರುವ ಮಗುವನ್ನು ನೋಡಿಕೊಳ್ಳುವ ನನಗೆ, ನಮ್ಮ ಆಯಾಗೆ ಇಡೀ ಊರಿನಲ್ಲಿ ಅರ್ಧ ದಿನದ ತಾಲೀಮೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಭಯ ಗೇಟಿನದು. ಪುಟ್ಟುವಿಗೆ ಸಿಟಿ ಬಸ್ ಅಂದರೆ ಪ್ರಾಣ. ಬಸ್ಸಿನ ಸದ್ದು ಕೇಳಿದರೆ ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಡುತ್ತಾನೆ. ಅದಕ್ಕೇ ಗೇಟಿನ ಮೇಲ್ಭಾಗದಲ್ಲಿ ಇನ್ನೊಂದು ಚಿಲಕ ಹಾಕಿಸಿ, ಅದಕ್ಕೆ ಹಸುವಿನ ಕೊರಳಿನ ಗಂಟೆ ಕಟ್ಟಿದ್ದೇನೆ. ಎದುರಿನ ಕಾಂಡಿಮೆಂಟ್ಸ್‌ನವರು, ಇಸ್ತ್ರಿಯವರು, ಎಳನೀರು ಮಾರುವವರು ಎಲ್ಲರಿಗೂ ಅವನ ಮುಖ ತೋರಿಸಿ ಹೇಳಿಟ್ಟಿದ್ದೇನೆ. ಅಷ್ಟಾದರೂ ಅವನ ಮೇಲೆ ಕಣ್ಣಿಡುವುದಕ್ಕೇ ಒಬ್ಬ ಆಯಾ ಬೇಕು. ಬೇರೆ ಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ ತೆಗೆದುಕೊಳ್ಳುತ್ತೇನೆ, ಅವನಿಗೂ ಅಷ್ಟೇ. ಆಯಾ ಸಂಬಳ ಕಳೆದರೆ ಅವನ ಲೆಕ್ಕದಲ್ಲಿ ಕೈಯಿಂದಲೇ ಹೋಗುತ್ತದೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಇಂಥ ಒಂದು ಮಗುವನ್ನು ಹೀಗೆ ತೂಗಿಸಬಹುದು, ನಾಲ್ಕು ಮಕ್ಕಳು ಬಂದರೆ ನಾನು ಬಾಗಿಲು ಹಾಕಬೇಕಾಗುತ್ತದೆ. ಹಾಗಾಗಿಯೇ ಫೋನ್ ಮಾಡಿದವರಿಗೆ ‘ಇಲ್ಲಮ್ಮ’ ಅನ್ನಬೇಕಾಗುತ್ತದೆ. ಫಿಟ್ಸ್ ಬರುವ ಒಂದು ಹುಡುಗಿಯನ್ನು ಕರೆದುಕೊಂಡು ಬಂದಿದ್ದರು, ಒಪ್ಪಿಕೊಳ್ಳಲಿಲ್ಲ. ಫಿಟ್ಸ್ ಬಂದಾಗ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು ಅಂತ ಸರಿಯಾಗಿ ಕಲಿಯದೆ ಆ ಜವಾಬ್ದಾರಿ ಹೊರಬಾರದು ಅನ್ನುವುದು ನನ್ನ ಅಭಿಪ್ರಾಯ, ಇವತ್ತಿಗೂ. ಆ ಹುಡುಗಿಯ ತಾಯಿ ಕೆಲಸ ಬಿಟ್ಟರು ಅಂತ ಆಮೇಲೆ ಗೊತ್ತಾಯಿತು.

ಬೇರೆ ತಂದೆತಾಯಿಗಳ ವಿಷಯ ಜಾಸ್ತಿ ಹೇಳುವುದಿಲ್ಲ. ಒಬ್ಬರು ಬಂದು, ‘ಇವನ ಜೊತೆ ಸೇರಿ ನಮ್ಮ ಮಗನೂ ಹೀಗೇ ಆಗಿಬಿಟ್ರೆ?’ ಅಂದರು. ಆಟಿಸಂ ನೆಗಡಿಯಲ್ಲ ಅಂತ ಹೇಳಿದೆ. ಅವರು ಮಗನನ್ನು ಬಿಡಿಸಿಕೊಂಡು ಹೋದರು. ಹೋಗಲಿ. ಮಕ್ಕಳಿಗೆ ಆ ತಾಪತ್ರಯವೇ ಇಲ್ಲ. ಕ್ಯಾರಂ ಆಡುವಾಗ ಕೆಂಪು ಕಾಯಿ ಪುಟ್ಟುವಿಗೇ ಬಿಡಬೇಕು ಅಂತ ಅವರವರೇ ಒಂದು ರೂಲ್ಸ್ ಮಾಡಿಕೊಂಡಿದ್ದಾರೆ, ನನ್ನನ್ನು ಕೇಳಿಯೂ ಇಲ್ಲ.

ಇನ್ನು ಸರ್ಕಾರದ ಮಾತು. ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ, ಆಟಿಸಂ ಕೂಡ ಅದರಲ್ಲಿದೆ. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪ್ರೈಮರಿಯಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು, ಅದಕ್ಕಿಂತ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಅಂತ ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿತು. ಜಾರಿ ಎಷ್ಟಾಗಿದೆ ಅನ್ನುವುದು ಬೇರೆ ಜಗಳ. ಶಾಲೆಯ ಹೊತ್ತಿಗೆ ಕನಿಷ್ಠ ಒಂದು ಲೆಕ್ಕವಾದರೂ ಇದೆಯಲ್ಲ. ಬೆಲ್ ಹೊಡೆದ ಮೇಲೆ ಲೆಕ್ಕವೇ ಇಲ್ಲ.

ಶಿಶುಪಾಲನೆಯ ಯೋಜನೆಗಳನ್ನು ನೋಡಿ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳ ಪಾಲನಾ ಕೇಂದ್ರ ಇರಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಕೇಂದ್ರದ ‘ಪಾಲನಾ’ ಯೋಜನೆ ಇದೆ, ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಇದೆ. ಇವೆಲ್ಲ ಪುಟ್ಟ ಮಕ್ಕಳಿಗೆ. ‘ಪಾಲನಾ’ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಮಾತ್ರ. ಏಳು ವರ್ಷದ ಮಾಮೂಲಿ ಮಗು ಹೇಗೋ ಪಕ್ಕದ ಮನೆಯಲ್ಲಿ ಕೂತು ಟಿವಿ ನೋಡುತ್ತದೆ. ಪುಟ್ಟುವಿನಂಥ ಮಗುವಿಗೆ ಒಂಬತ್ತಾದರೂ ಹನ್ನೆರಡಾದರೂ ಪಕ್ಕದಲ್ಲೊಬ್ಬರು ಬೇಕು. ಆಟಿಸಂನಂಥ ವೈಕಲ್ಯ ಇರುವವರಿಗಾಗಿ ಕೇಂದ್ರ ಸರ್ಕಾರ ಮಾಡಿರುವ ನ್ಯಾಷನಲ್ ಟ್ರಸ್ಟ್‌ನ ‘ದಿಶಾ’ ಹತ್ತು ವರ್ಷದೊಳಗಿನ ಮಕ್ಕಳಿಗೆ, ‘ವಿಕಾಸ್’ ಹತ್ತು ದಾಟಿದವರಿಗೆ ಅಂತ ಶುರುವಾದವು. ಒಳ್ಳೆಯ ಯೋಜನೆಗಳೇ. ಆದರೆ ಅವು ಹಗಲು ಹೊತ್ತಿನ ಕೇಂದ್ರಗಳು. ಹಗಲೆಲ್ಲ ಶಾಲೆಯಲ್ಲಿದ್ದು ಮೂರೂವರೆಗೆ ಹೊರಬರುವ ಮಗುವಿಗೆ ಅವುಗಳಿಂದ ಏನು ಉಪಯೋಗ?

ಈ ಸಂಜೆಯ ಲೆಕ್ಕವನ್ನು ಕೊನೆಗೆ ಹೊರುವವರು ಹೆಂಗಸರು. ಅಮ್ಮ ಕೆಲಸ ಬಿಡುತ್ತಾರೆ, ಇಲ್ಲವೇ ಮಂಡಿ ನೋವಿನ ಅಜ್ಜಿ ಮೊಮ್ಮಗನ ಹಿಂದೆ ಓಡುತ್ತಾರೆ, ಇಲ್ಲವೇ ಅಕ್ಕ ತನ್ನ ಟ್ಯೂಷನ್ ಬಿಟ್ಟು ತಮ್ಮನನ್ನು ಕಾಯುತ್ತಾಳೆ. 2024ರ ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದ ಒಬ್ಬ ಉಪನ್ಯಾಸಕಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ಮಾತು ಹೇಳಿತು. ಅಂಗವಿಕಲ ಮಗುವಿನ ತಾಯಿಗೆ ಮಕ್ಕಳ ಆರೈಕೆ ರಜೆ ನಿರಾಕರಿಸಿದರೆ, ಹೆಣ್ಣುಮಕ್ಕಳಿಗೆ ಉದ್ಯೋಗದಲ್ಲಿ ಸಮಾನ ಅವಕಾಶ ಕೊಡುವ ಸಂವಿಧಾನದ ಹೊಣೆಯನ್ನೇ ಸರ್ಕಾರ ಮೀರಿದಂತೆ ಅಂತ. ಓದಿ ಖುಷಿಯಾಯಿತು. ಆದರೆ ಅದು ಸರ್ಕಾರಿ ನೌಕರಿಯ ಮಾತು. ಸೀರೆ ಅಂಗಡಿಯಲ್ಲಿ ಭಾನುವಾರದ ರಜೆಗೂ ಮುಖ ನೋಡಬೇಕು.

ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಉದ್ಘಾಟನೆ ಮಾಡಿ ಆಮೇಲೆ ಬೀಗ ಹಾಕಿರುವ ಕಟ್ಟಡಗಳು ಸಾಕಷ್ಟಿವೆ. ನಮ್ಮಂಥ ಮನೆ ಡೇ ಕೇರ್‌ಗಳು, ಮನೆಪಾಠ ಮಾಡುವವರು ಪ್ರತಿ ಬಡಾವಣೆಯಲ್ಲೂ ಇದ್ದೇವೆ. ಮಕ್ಕಳು ಆಗಲೇ ನಮ್ಮ ಹತ್ತಿರ ಬರುತ್ತಿದ್ದಾರೆ. ನಮಗೆ ಕಲಿಸಿ. 2023ರಲ್ಲಿ ಕೇಂದ್ರ ಸರ್ಕಾರ ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿಗಳಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ಮಗುವನ್ನು ಗುರುತಿಸುವುದು ಹೇಗೆ, ಬೇರೆ ಮಕ್ಕಳ ಜೊತೆ ಸೇರಿಸಿಕೊಳ್ಳುವುದು ಹೇಗೆ ಅಂತೆಲ್ಲ ಅದರಲ್ಲಿದೆ. ಅದೇ ಮಾದರಿಯಲ್ಲಿ ನಮಗೂ ಒಂದು ಚಿಕ್ಕ ತರಬೇತಿ ಮಾಡಲು ಏನು ಕಷ್ಟ? ಕಲಿಸುವವರು ಮೈಸೂರಿನಲ್ಲೇ ಇದ್ದಾರೆ. ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸಲು ಶಾಲೆಗಳಿಗೆ ಹೋಗುವ ಬಿಐಇಆರ್‌ಟಿ ಶಿಕ್ಷಕರು ತಿಂಗಳಿಗೊಮ್ಮೆ ನಮ್ಮಲ್ಲಿಗೂ ಬಂದು ಹೋಗುವಂತಾಗಲಿ. ಅವರಿಗೆ ಈಗಲೇ ಕೈ ತುಂಬ ಕೆಲಸ ಅಂತ ಗೊತ್ತು, ಹಾಗಾದರೆ ಜನರನ್ನು ಹೆಚ್ಚಿಸಬೇಕು. ತರಬೇತಿ ಆದವರ ಹೆಸರು, ಬಡಾವಣೆ ಬಿಇಒ ಕಚೇರಿಯಲ್ಲಿ ಸಿಗಲಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇರುವ ಮಗುವನ್ನು ಸಂಜೆ ನೋಡಿಕೊಳ್ಳುವ ಕಡೆ ಒಬ್ಬ ಆಯಾ ಸಂಬಳವನ್ನಾದರೂ ಸರ್ಕಾರ ಕೊಡಲಿ. ಪಾಲನಾ ಕೇಂದ್ರಗಳ ಕಾರ್ಯಕರ್ತೆಯರಿಗೆ ಕೊಡುವುದಾದರೆ ಇದಕ್ಕೂ ಕೊಡಬಹುದಲ್ವಾ?

ಹಾಗೇ ನಮ್ಮನ್ನು ಬಂದು ನೋಡಿ ಕೂಡ. ಇಷ್ಟು ವರ್ಷದಲ್ಲಿ ನಮ್ಮ ಮನೆಯ ಗೇಟು, ಶೌಚಾಲಯ, ಅಡುಗೆಮನೆ ಹೇಗಿದೆ ಅಂತ ಯಾವ ಇಲಾಖೆಯವರೂ ಬಂದು ನೋಡಿಲ್ಲ. ಮಾತು ಬಾರದ ಮಗುವಿಗೆ ಯಾರಾದರೂ ಹೊಡೆದರೆ ಅದು ಮನೆಗೆ ಹೋಗಿ ಹೇಳುವುದಿಲ್ಲ. ಹಾಗಾಗಿ ಸಹಾಯದ ಜೊತೆಗೆ ತಪಾಸಣೆಯೂ ಬೇಕು, ಮೊದಲು ನಮ್ಮ ಮನೆಯಿಂದಲೇ ಶುರುವಾಗಲಿ.

ಈ ಪತ್ರವನ್ನು ವಿಕಲಚೇತನರ ಇಲಾಖೆಯವರೋ ಶಿಕ್ಷಣ ಇಲಾಖೆಯವರೋ ಓದಿದರೆ ಒಂದು ಮಾತು. ಭಾನುವಾರ ನಮ್ಮ ಹಾಲ್ ಖಾಲಿ ಇರುತ್ತದೆ, ಜಮಖಾನ ಹಾಸಿದರೆ ಇಪ್ಪತ್ತು ಜನ ಕೂರಬಹುದು. ಅಕ್ಕಪಕ್ಕದ ಬಡಾವಣೆಗಳ ಡೇ ಕೇರ್‌ನವರನ್ನು ನಾನೇ ಕರೆಯುತ್ತೇನೆ, ಕೆಲವರು ಆಗಲೇ ಬರುತ್ತೇವೆ ಅಂದಿದ್ದಾರೆ. ಹೇಳಿಕೊಡುವವರನ್ನು ಕಳಿಸಿ. ಮೊದಲ ದಿನ ಫಿಟ್ಸ್ ಬಂದಾಗ ಏನು ಮಾಡಬೇಕು ಅನ್ನುವುದನ್ನೇ ಕಲಿಸಲಿ. ಕಾಫಿ ತಿಂಡಿ ನನ್ನದು.

ಇಂತಿ,
ಮನೆ ಡೇ ಕೇರ್ ನಡೆಸುವ ಓದುಗರು
ಕುವೆಂಪುನಗರ, ಮೈಸೂರು