ಕಿಡ್ನಿ ವಿನಿಮಯಕ್ಕೆ ಆಟದ ಸಿದ್ಧಾಂತದ ನೆರವು

ಮಾನ್ಯ ಸಂಪಾದಕರೇ,

ಹೆಂಡತಿಗೆ ಕಿಡ್ನಿ ಕೊಡಲು ಗಂಡ ಸಿದ್ಧನಿದ್ದರೂ ರಕ್ತದ ಗುಂಪು ಹೊಂದದೆ ದಿಕ್ಕು ತೋಚದಂತಾಗುವ ಕುಟುಂಬಗಳು ನಮ್ಮ ನಡುವೆ ಇವೆ. ಅಂಥದೇ ಇನ್ನೊಂದು ಕುಟುಂಬದ ದಾನಿ ಇವರ ರೋಗಿಗೂ, ಇವರ ದಾನಿ ಅವರ ರೋಗಿಗೂ ಹೊಂದಿದರೆ ಎರಡು ಜೀವ ಉಳಿಯುತ್ತವೆ. 2011ರಲ್ಲಿ ತಿದ್ದುಪಡಿಯಾದ ಅಂಗಾಂಗ ಕಸಿ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ.

ಈ ಹೊಂದಾಣಿಕೆಯ ಗಣಿತ ಬಂದದ್ದು ಆಟದ ಸಿದ್ಧಾಂತದಿಂದ, ಅಂದರೆ ಒಬ್ಬರ ನಿರ್ಧಾರ ಇನ್ನೊಬ್ಬರ ಲಾಭ-ನಷ್ಟವನ್ನೂ ತಟ್ಟುವ ಸಂದರ್ಭಗಳನ್ನು ವಿಶ್ಲೇಷಿಸುವ ಗಣಿತದಿಂದ (ಗೇಮ್ ಥಿಯರಿ). ಹಣದ ವ್ಯವಹಾರವಿಲ್ಲದೆ ಮನೆಗಳನ್ನು ಅದಲುಬದಲು ಮಾಡಿಕೊಳ್ಳುವುದು ಹೇಗೆಂಬ ಅಮೂರ್ತ ಪ್ರಶ್ನೆಯನ್ನು ಅಮೆರಿಕದ ಗಣಿತಜ್ಞ ಲಾಯ್ಡ್ ಶಾಪ್ಲಿ ಮತ್ತು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸ್ಕಾರ್ಫ್ 1974ರಲ್ಲಿ ವಿಶ್ಲೇಷಿಸಿದ್ದರು. ಮೂವತ್ತು ವರ್ಷಗಳ ನಂತರ ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಹಾಗೂ ಅವರ ಸಹೋದ್ಯೋಗಿಗಳು ಅದೇ ತರ್ಕವನ್ನು ಕಿಡ್ನಿ ವಿನಿಮಯಕ್ಕೆ ಅನ್ವಯಿಸಿದರು. ಶಾಪ್ಲಿ ಮತ್ತು ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ತನ್ನವರಿಗೆ ಕಿಡ್ನಿ ಸಿಕ್ಕ ಮೇಲೆ ದಾನಿಯೊಬ್ಬ ಹಿಂದೆ ಸರಿದರೆ ಅವನನ್ನು ಬಲವಂತಪಡಿಸಲಾಗದು; ಆದ್ದರಿಂದಲೇ ಇಬ್ಬರು ದಾನಿಗಳ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಏಕಕಾಲಕ್ಕೆ ನಡೆಸುತ್ತಾರೆ. ವೈದ್ಯಕೀಯ ಮತ್ತು ಗಣಿತ ಎಷ್ಟು ಹತ್ತಿರದ ನೆಂಟರೆಂಬುದು ನನಗೆ ಮನದಟ್ಟಾದದ್ದು ಇಲ್ಲಿಯೇ.

ಪ್ರತಿ ಆಸ್ಪತ್ರೆಯೂ ತನ್ನ ಚಿಕ್ಕ ಪಟ್ಟಿಯಲ್ಲಷ್ಟೇ ಹುಡುಕಿದರೆ ಹೊಂದುವ ಜೋಡಿಗಳು ಸಿಗುವುದು ಕಷ್ಟ. ಪಟ್ಟಿ ದೊಡ್ಡದಾದಷ್ಟೂ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ರಾಜ್ಯದ ಎಲ್ಲ ಕಸಿ ಕೇಂದ್ರಗಳ ಇಂಥ ಜೋಡಿಗಳನ್ನು ಒಂದೇ ಪಟ್ಟಿಗೆ ತಂದು, ಹೊಂದಾಣಿಕೆಯ ಕೆಲಸಕ್ಕೆ ವಿಶ್ವವಿದ್ಯಾಲಯಗಳ ಗಣಿತಜ್ಞರನ್ನೂ, ದಾನಿಗಳಿಗೆ ನಿಜಕ್ಕೂ ಅರ್ಥವಾಗುವ ಕನ್ನಡದ ಒಪ್ಪಿಗೆ ಪತ್ರ ಸಿದ್ಧಪಡಿಸಲು ಭಾಷಾತಜ್ಞರನ್ನೂ ತೊಡಗಿಸಿಕೊಳ್ಳಬೇಕೆಂದು ಆರೋಗ್ಯ ಇಲಾಖೆಯನ್ನು ವಿನಂತಿಸುತ್ತೇನೆ.

– ಓದುಗ, ಧಾರವಾಡ