ಪೀಟರ್‌ಲೂ ಬಿಟ್ಟುಹೋದ 1819

ಮಾನ್ಯ ಸಂಪಾದಕರೇ,

ಕಳೆದ ವಾರದ ವಿದ್ಯಾರ್ಥಿ ಪುರವಣಿಯಲ್ಲಿ 1819ರ ಬ್ರಿಟನ್ನಿನ ಪ್ರಮುಖ ಘಟನೆಗಳ ಪಟ್ಟಿ ನೋಡಿದೆ. ಮೇ 24ರಂದು ವಿಕ್ಟೋರಿಯಾ ಜನನ, ಸಿಂಗಪುರದಲ್ಲಿ ರಾಫಲ್ಸ್ ಕಂಪನಿಯ ಠಾಣೆ ಹೂಡಿದ್ದು, ಆಗಸ್ಟ್‌ನಲ್ಲಿ ಜೇಮ್ಸ್ ವ್ಯಾಟ್ ನಿಧನ. ಎಲ್ಲವೂ ಸರಿಯೇ. ಆದರೆ ಪೀಟರ್‌ಲೂ ಹತ್ಯಾಕಾಂಡದ ಬಗ್ಗೆ ಒಂದು ಸಾಲೂ ಇರಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಈ ಪತ್ರ.

ಆಗಸ್ಟ್ 16ರ ಸೋಮವಾರ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60 ಸಾವಿರ ಜನ ಸೇರಿದ್ದರು. ಓಲ್ಡ್‌ಹ್ಯಾಮ್, ರಾಚ್‌ಡೇಲ್, ಮಿಡಲ್‌ಟನ್ ಕಡೆಯ ನೇಕಾರರು, ನೂಲುವವರು ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು, ವಾದ್ಯ ನುಡಿಸುತ್ತ ನಡೆದು ಬಂದಿದ್ದರು. ಅವರು ಕೇಳಿದ್ದು ಮತದಾನದ ಹಕ್ಕು. ಲಕ್ಷ ಜನರಿದ್ದ ಮ್ಯಾಂಚೆಸ್ಟರಿಗೆ ಸಂಸತ್ತಿನಲ್ಲಿ ಸ್ವಂತ ಪ್ರತಿನಿಧಿಯೇ ಇರಲಿಲ್ಲ. ಪಾಳುಬಿದ್ದ ದಿಬ್ಬವಾಗಿದ್ದ ಓಲ್ಡ್ ಸೇರಂಗೆ ಇಬ್ಬರಿದ್ದರು! ಸಾಲದ್ದಕ್ಕೆ ಹೊರದೇಶದ ಅಗ್ಗದ ಧಾನ್ಯವನ್ನು ತಡೆದ 1815ರ ಧಾನ್ಯ ಕಾನೂನಿನಿಂದ ರೊಟ್ಟಿ ತುಟ್ಟಿ, ಮಗ್ಗದ ಕೂಲಿಗೆ ಇಳಿಗಾಲ.

ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮುಖಂಡ ಹೆನ್ರಿ ಹಂಟ್ ಭಾಷಣ ಶುರುಮಾಡುತ್ತಿದ್ದಂತೆ ಆತನನ್ನು ಬಂಧಿಸಲು ಮ್ಯಾಜಿಸ್ಟ್ರೇಟರು ಕುದುರೆ ಪಡೆಯನ್ನು ಕಳಿಸಿದರು. ಇದು ಅಂಗಡಿ, ಗಿರಣಿಗಳ ಮಾಲೀಕರೇ ತುಂಬಿದ್ದ ಸ್ಥಳೀಯ ಪಡೆ. ಮೈದಾನಕ್ಕೆ ಬರುವ ದಾರಿಯಲ್ಲೇ ಒಬ್ಬ ಸವಾರ ತಾಯಿಯೊಬ್ಬಳಿಗೆ ಡಿಕ್ಕಿ ಹೊಡೆದ. ಅವಳ ಕೈಯಿಂದ ಬಿದ್ದು ಸತ್ತ ವಿಲಿಯಂ ಫಿಲ್ಡಿಸ್‌ಗೆ ಎರಡೇ ವರ್ಷ. ಅಂದಿನ ಮೊದಲ ಸಾವು ಅದು. ಆಮೇಲೆ ಒತ್ತೊತ್ತಾಗಿ ನಿಂತಿದ್ದ ಜನರ ಮೇಲೆ ಕತ್ತಿ ಬೀಸಿದರು. ಸತ್ತವರು 15ಕ್ಕೂ ಹೆಚ್ಚು, ಗಾಯಾಳುಗಳು ನೂರಾರು. ವಾಟರ್‌ಲೂ ಯುದ್ಧದಲ್ಲಿ ದೇಶಕ್ಕಾಗಿ ಹೋರಾಡಿ ಬದುಕಿ ಬಂದಿದ್ದ ಓಲ್ಡ್‌ಹ್ಯಾಮಿನ ಜಾನ್ ಲೀಸ್, ತನ್ನದೇ ನಾಡಿನವರ ಕತ್ತಿಯೇಟಿನಿಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ರಾಜನ ಪರವಾಗಿ ಆಳುತ್ತಿದ್ದ ಯುವರಾಜ ಮ್ಯಾಜಿಸ್ಟ್ರೇಟರಿಗೆ ಅಭಿನಂದನೆ ಕಳಿಸಿದ. ಹಂಟ್‌ಗೆ ಎರಡೂವರೆ ವರ್ಷ ಜೈಲು.

ಪತ್ರಿಕೆಯವರಾದ ನೀವು ಈ ಘಟನೆಯನ್ನು ಬಿಟ್ಟದ್ದೇ ನನಗೆ ಹೆಚ್ಚು ಬೇಸರ. ವೇದಿಕೆಯ ಮೇಲಿದ್ದ 'ಟೈಮ್ಸ್' ವರದಿಗಾರ ಜಾನ್ ಟೈಯಸ್‌ನನ್ನೂ ಅಂದು ಹಿಡಿದೊಯ್ದರು. ಸುದ್ದಿ ಮುಚ್ಚಿಹೋಗಬಾರದೆಂದು ಜಾನ್ ಎಡ್ವರ್ಡ್ ಟೇಲರ್ ಲಂಡನ್ನಿಗೆ ವರದಿ ಕಳಿಸಿದರು. ಅವರೇ 1821ರಲ್ಲಿ 'ಮ್ಯಾಂಚೆಸ್ಟರ್ ಗಾರ್ಡಿಯನ್' ಆರಂಭಿಸಿದ್ದು. ಸರ್ಕಾರ ಸುಮ್ಮನಿರಲಿಲ್ಲ. ವರ್ಷದ ಕೊನೆಗೆ ಆರು ಕಾಯ್ದೆಗಳನ್ನು ತಂದಿತು. ಬಡವರು ಓದುತ್ತಿದ್ದ ಅಗ್ಗದ ವಾರಪತ್ರಿಕೆಗಳ ಮೇಲೂ ಪ್ರತಿಗೆ ನಾಲ್ಕು ಪೆನ್ಸ್ ಮುದ್ರಾಂಕ ಸುಂಕ ಬಿತ್ತು. ರಾಜಕೀಯ ವಿಷಯಕ್ಕೆ 50ಕ್ಕಿಂತ ಹೆಚ್ಚು ಜನ ಸಭೆ ಸೇರುವುದಕ್ಕೂ ಕಡಿವಾಣ ಬಂತು.

ಅದೇ ವರ್ಷದ ಹತ್ತಿ ಗಿರಣಿ ಕಾಯ್ದೆಯೂ ಪಟ್ಟಿಯಲ್ಲಿಲ್ಲ. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಹತ್ತಿ ಗಿರಣಿಯಲ್ಲಿ ದುಡಿಸಬಾರದು, 16ರವರೆಗಿನವರಿಗೆ ದಿನಕ್ಕೆ 12 ಗಂಟೆ ಮೀರಬಾರದು ಎಂದಿತ್ತು ಅದು. ಅಷ್ಟನ್ನಾದರೂ ಪಾಲಿಸುತ್ತಾರೋ ಇಲ್ಲವೋ ಎಂದು ನೋಡಲು ಸರ್ಕಾರಿ ಇನ್‌ಸ್ಪೆಕ್ಟರುಗಳು ಬಂದದ್ದು 1833ರ ಕಾಯ್ದೆಯ ನಂತರ.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಈ ಎರಡನ್ನೂ ಸೇರಿಸಿ ಪಟ್ಟಿಯನ್ನು ಮರುಮುದ್ರಿಸಿ. ಜಾಗದ ಅಭಾವವಿದ್ದರೆ ವ್ಯಾಟ್ ನಿಧನವನ್ನು ಕೈಬಿಟ್ಟರೂ ನಡೆದೀತು.

ಇತಿಹಾಸ ಉಪನ್ಯಾಸಕಿ, ಧಾರವಾಡ