ಪತ್ತನಾಜೆಗೆ ಮೊದಲು ಹಂಚಿನ ಮಾಡು ಹತ್ತು

ಮಗಾ,

ಮೊನ್ನೆ ನಿನ್ನ ಅಮ್ಮನಿಗೆ ಫೋನ್ ಮಾಡಿದ್ದೆ. ಮಾತಿನ ಮಧ್ಯೆ, ಮಳೆಗಾಲ ಬರುವುದರೊಳಗೆ ಮಂಚವನ್ನು ಈಚೆ ಗೋಡೆಗೆ ಎಳೆದುಕೊಳ್ಳಬೇಕು ಎಂದಳು. ಯಾಕೆ ಎಂದರೆ, "ಅಲ್ಲಿ ಸೋರ್ತದಲ್ಲ ಅಕ್ಕ" ಅಂತ. ಏನೋ ಕ್ಯಾಲೆಂಡರಿನಲ್ಲಿ ಅಚ್ಚಾದ ಹಬ್ಬದ ಹಾಗೆ ಹೇಳಿದಳು. ಮೊದಲು ಪಾತ್ರೆ ಇಟ್ಟಿರಿ, ಆಮೇಲೆ ಬಕೆಟ್, ಈಗ ಮಂಚ. ಹೀಗೇ ನೀರಿಗೆ ಜಾಗ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ನೀವು ಅಂಗಳದಲ್ಲಿ ಮಲಗಬೇಕಾದೀತು ಮಾರಾಯ.

ನೀನು ಏನು ಹೇಳುತ್ತಿ ಅಂತ ನನಗೆ ಗೊತ್ತುಂಟು. ಹೇಗೂ ಹಳೆ ಮನೆ, ಇನ್ನೆರಡು ವರ್ಷದಲ್ಲಿ ಕೆಡವಿ ಟೆರೇಸ್ ಮನೆ ಕಟ್ಟುವುದು, ಇದಕ್ಕೆ ಸುಮ್ನೆ ದುಡ್ಡು ಯಾಕೆ ಸುರಿಯುವುದು. ಈ ಎರಡು ವರ್ಷದ ಮಾತು ಶುರುವಾಗಿ ಐದು ವರ್ಷ ಆಯ್ತು. ಕಟ್ಟು, ನಾನು ಬೇಡ ಅನ್ನುವುದಿಲ್ಲ. (ಟೆರೇಸ್ ಕಟ್ಟಿದವರು ನಾಲ್ಕು ಮಳೆ ಕಂಡ ಮೇಲೆ ಅದರ ಮೇಲೊಂದು ಶೀಟು ಹಾಕಿಸುವುದನ್ನು ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಕೂತೇ ನೋಡಬಹುದು, ಅದು ಬೇರೆ ಮಾತು.) ಆದರೆ ಹೊಸ ಮನೆ ಏಳುವವರೆಗೆ ನಿನ್ನಮ್ಮ ಮಲಗುವುದು ಈ ಸೋರುವ ಹಂಚಿನ ಮಾಡಿನ ಕೆಳಗೇ ಅಲ್ವಾ?

ನಮ್ಮ ಮನೆಯಲ್ಲಿ ಆದದ್ದನ್ನು ನಿನಗೆ ಪೂರ್ತಿ ಹೇಳಿಲ್ಲ. ನಾಚಿಕೆಯಾಗುತ್ತಿತ್ತು. ಅಡುಗೆಮನೆ ಮೇಲೆ ತೆಂಗಿನಕಾಯಿ ಬಿದ್ದು ಹಂಚು ಒಡೆಯಿತು. ಒಂದೇ ಒಂದು ಹಂಚು. ನಿನ್ನ ದೊಡ್ಡಪ್ಪ ಟರ್ಪಾಲಿನ ತುಂಡು ಸಿಕ್ಕಿಸಿ, ಮಳೆ ಬಿಟ್ಟ ಮೇಲೆ ನೋಡುವ ಎಂದರು. ಮಳೆ ಬಿಟ್ಟ ಮೇಲೆ ಯಾರಿಗೆ ನೆನಪಿರುತ್ತದೆ? ನಾಲ್ಕು ಮಳೆಗಾಲ ಹಾಗೇ ಹೋಯಿತು. ಟರ್ಪಾಲು ಮೇಲಿನ ನೀರನ್ನು ತಡೆದದ್ದು ಅಷ್ಟಕ್ಕಷ್ಟೆ, ಒಳಗಿನ ಪಸೆಯನ್ನು ಮಾತ್ರ ಆರಲು ಬಿಡಲಿಲ್ಲ. ಹಂಚು ಕೂರುವ ಮರದ ಪಟ್ಟಿ ರೀಪು ಕೊಳೆಯಿತು, ಆಮೇಲೆ ರೀಪನ್ನು ಹೊರುವ ಓರೆ ತೊಲೆ ಪಕ್ಕಾಸು ಗೋಡೆಯ ಮೇಲೆ ಕೂರುವ ತುದಿ ಮೆತ್ತಗಾಯಿತು, ಅದರ ವಾಸನೆಗೆ ಒರಲೆ, ಅಂದರೆ ಗೆದ್ದಲು, ಬಂತು. ಕೊನೆಗೆ ಕೆಲಸದವರು ಬಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿದರೆ ಹಣ್ಣು ಪಪ್ಪಾಯಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಒಂದು ಹಂಚಿನ ಕೆಲಸ ಮೂರು ಪಕ್ಕಾಸು ಬದಲಿಸಿ, ಒಂದು ಬದಿಯ ಹಂಚೆಲ್ಲ ಇಳಿಸಿ ಹೊದಿಸುವಲ್ಲಿಗೆ ಮುಟ್ಟಿತು. ಇವರಿಗಿಂತ ಮೊದಲು ಬಂದಾತ ಅಡ್ವಾನ್ಸ್ ತೆಗೆದುಕೊಂಡು, ಜ್ವರ ಅಂತ ಹೋದವನು. ಆ ಜ್ವರ ಇನ್ನೂ ಬಿಟ್ಟಿಲ್ಲ.

ನಮ್ಮ ಹಂಚಿಗೇನೂ ಆಗುವುದಿಲ್ಲ ಮಗಾ, ಅದು ನಮಗಿಂತ ಗಟ್ಟಿ. ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅವರ ಹೆಸರು ಒತ್ತಿದ ಹಂಚು ಈಗಲೂ ಕೆಲವು ಮಾಡುಗಳ ಮೇಲೆ ಉಂಟು. ಹಾಳಾಗುವುದು ಅದರ ಕೆಳಗಿನ ಮರ. ನೀನು ಮುಂದೂಡಿದಷ್ಟು ವರ್ಷವೂ ಖರ್ಚು ಬೆಳೆಯುವುದು ಅಲ್ಲಿ, ನಿನ್ನ ಕಣ್ಣಿಗೆ ಬೀಳದ ಹಾಗೆ.

ಈ ಆದಿತ್ಯವಾರ ಮಣಿಪಾಲದ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ಒಂದು ಕೆಲಸ ಮಾಡು. ನಡು ಮಧ್ಯಾಹ್ನ ಅಟ್ಟ ಹತ್ತು, ಕಿಟಕಿ ಮುಚ್ಚಿ ಕತ್ತಲು ಮಾಡಿ ಮೇಲೆ ನೋಡು. ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕು. ಅಮ್ಮನ ಮಂಚದ ನೇರ ಮೇಲೆ ಏನೂ ಕಾಣಲಿಲ್ಲ ಅಂತ ಇಳಿದು ಬರಬೇಡ. ನೀರು ಎಲ್ಲೋ ಮೇಲೆ ಒಳಗೆ ಬರುತ್ತದೆ, ಪಕ್ಕಾಸು ಹಿಡಿದು ನಾಲ್ಕೈದು ಅಡಿ ಜಾರುತ್ತದೆ, ಆಮೇಲೆ ತನಗೆ ಮನಸ್ಸಾದಲ್ಲಿ ಬೀಳುತ್ತದೆ. ಹಾಗೂ ಗೊತ್ತಾಗದಿದ್ದರೆ ಪೈಪಿನಿಂದ ಕೆಳಗಿನ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲು ಮೇಲಕ್ಕೆ ನೀರು ಬಿಡುತ್ತಾ ಹೋಗಿ, ಒಳಗೆ ಒಬ್ಬರು ಟಾರ್ಚ್ ಹಿಡಿದು ನಿಲ್ಲಲಿ. ಮೇನ್ ಸ್ವಿಚ್ ಆಫ್ ಮಾಡಿಯೇ. ಹಳೆ ವಯರಿಂಗು ಅದು.

ನನ್ನ ಅನುಮಾನ ಕೇಳಿದರೆ, ಅಡುಗೆಮನೆಯ ಮಾಡು ದೊಡ್ಡ ಮಾಡಿಗೆ ಸೇರುವ ಕಡೆ ಮಳೆನೀರು ಹರಿದುಹೋಗುವ ತಗಡಿನ ದಂಬೆ ಉಂಟಲ್ಲ, ಅಲ್ಲೇ. ಆ ಮಾವಿನ ಮರದ ಎಲೆ ಪೂರ್ತಿ ಬೀಳುವುದು ಅದಕ್ಕೇ. ನಾವು ಸಣ್ಣವರಿದ್ದಾಗ ಮೇ ತಿಂಗಳಲ್ಲಿ ಅಪ್ಪ ಏಣಿ ಹಿಡಿಯುವುದು, ನಾನು ಹತ್ತಿ ಕೈಯಿಂದ ಎಲೆ ಬಾಚಿ ಹಾಕುವುದು, ನಿನ್ನಮ್ಮ ಕೆಳಗೆ ನಿಂತು ಚೇಳು ಬಿತ್ತು ಅಂತ ಕಿರುಚುವುದು. ಒಮ್ಮೆ ನಿಜಕ್ಕೂ ಬಿದ್ದಿತ್ತು. ಈಗ ಅದನ್ನು ಯಾರು ತೆಗೆಯುತ್ತಾರೆ? ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ದಂಬೆ ಕಟ್ಟಿದರೆ ಹಿಂದಕ್ಕೆ ಏರಿ ಹಂಚಿನಡಿಗೆ ನುಗ್ಗದೆ ಇನ್ನೆಲ್ಲಿ ಹೋಗಬೇಕು? ಅಷ್ಟೇ ಆಗಿದ್ದರೆ ಒಂದು ಬೆಳಗ್ಗಿನ ಕೆಲಸ. ಐದು ವರ್ಷದ ಬಕೆಟ್ ಒಂದು ಬುಟ್ಟಿ ಎಲೆಗಾಗಿ ಇಟ್ಟದ್ದು ಅಂತಾದೀತು.

ಹಂಚು ತರಲು ಹೋಗುವಾಗ ನಮ್ಮದೊಂದು ಹಂಚನ್ನು ಕೈಯಲ್ಲಿ ಹಿಡಿದುಕೊಂಡು ಹೋಗು. ನೋಡಲು ಎಲ್ಲವೂ ಒಂದೇ, ಆದರೆ ಒಂದು ಕಾರ್ಖಾನೆಯದ್ದರ ಕಚ್ಚು ಇನ್ನೊಂದರದ್ದಕ್ಕೆ ಸರಿ ಕೂರುವುದಿಲ್ಲ. ಕೆಡವಿದ ಮನೆಯ ಹಳೆ ಹಂಚು ಸಿಕ್ಕಿದರೆ ಒಳ್ಳೆಯದೇ. ಬೆರಳಿನಿಂದ ಬಡಿದು ನೋಡು, ಟಣ್ ಅನ್ನಬೇಕು. ಮಂದ ಸದ್ದು ಬಂದರೆ ಬಿರುಕುಂಟು, ಬಿಡು. ಪಕ್ಕಾಸಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿಸು, ಒರಲೆ ಹತ್ತಿರ ಬರುವುದಿಲ್ಲ. ಆದರೆ ನೀನು ಮುಟ್ಟಬೇಡ, ಕೈ ಸುಟ್ಟು ಸಿಪ್ಪೆ ಏಳುತ್ತದೆ. ಹಾಗೇ ಅಡುಗೆಮನೆಗೆ ಎರಡು ಗಾಜಿನ ಹಂಚು ಹಾಕಿಸು, ಹಗಲಲ್ಲೂ ಲೈಟ್ ಹಾಕಿ ಕಾಯಿ ತುರಿಯುವುದು ಯಾಕೆ?

ಮಾಡಿನ ಕೆಲಸ ಗೊತ್ತಿರುವವರು ಈಗ ಕಡಿಮೆ. ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ಎಲ್ಲರೂ ಅದೇ ನಾಲ್ಕು ಜನರನ್ನು ಕರೆಯುತ್ತಾರೆ. ಹಾಗಾಗಿ ಇವತ್ತೇ ಫೋನ್ ಮಾಡು. ಬಂದು ನೋಡಿ ಲೆಕ್ಕ ಹೇಳಲಿ. ಸಾಮಾನು ನೀನೇ ತಂದುಕೊಡು, ಕೂಲಿ ಆಯಾ ದಿನ ಕೊಡು, ಮುಂಗಡ ಜಾಸ್ತಿ ಬೇಡ. ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನದವರೆಗೆ ಕಾದು ಆಮೇಲೆ ಮಾಡು ಬಿಚ್ಚಲು ಹೊರಡಬೇಡ. ಆ ದಿನವೇ ಪತ್ತನಾಜೆ, ಮೇ 24ರ ಸುಮಾರಿಗೆ, ಆಮೇಲಿನ ಆಕಾಶವನ್ನು ನಂಬುವ ಹಾಗಿಲ್ಲ. ದುಡ್ಡು ಕಮ್ಮಿ ಬಿದ್ದರೆ ನನ್ನ ಹತ್ತಿರ ಕೇಳು. ನಾನು ಹುಟ್ಟಿದ ಮನೆಯೂ ಅದೇ.

ಬಿಸುವಿಗೆ ಬರುತ್ತೇನೆ. ಈ ಮೊಣಕಾಲಿನಲ್ಲಿ ಏಣಿ ಹತ್ತಲು ಆಗಲಿಕ್ಕಿಲ್ಲ, ಕೆಳಗೆ ನಿಂತು ಹಿಡಿಯುತ್ತೇನೆ. ಅಮ್ಮನಿಗೆ ಹೇಳು, ಮಂಚ ಇದ್ದಲ್ಲೇ ಇರಲಿ.

ನಿನ್ನ
ದೊಡ್ಡಮ್ಮ